ಸೇವಂತಿಗೆಗೆ ರಾತ್ರಿ ಬೆಳಕು: ಯಾವಾಗ ಹಚ್ಚಬೇಕು, ಯಾವಾಗ ಆರಿಸಬೇಕು

ನವೆಂಬರ್ ತಿಂಗಳಲ್ಲಿ ರಾತ್ರಿ ಹನ್ನೊಂದರ ಸುಮಾರಿಗೆ ನಮ್ಮ ಹೊಲದ ಪಕ್ಕ ಹೋಗುವವರು ಬೈಕ್ ನಿಲ್ಲಿಸಿ ಕೇಳುತ್ತಾರೆ. "ಏನಣ್ಣ, ಹೊಲದಾಗ ಏನರ ಕಾರ್ಯ ಇಟ್ಕೊಂಡಿಯೇನು?" ಹತ್ತು ಗುಂಟೆ ಜಾಗದಲ್ಲಿ 170 ಬಲ್ಬ್ ಒಟ್ಟಿಗೆ ಉರಿಯುತ್ತಿದ್ದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಸೇವಂತಿಗೆಗೆ ಹಚ್ಚಿದ್ದು ಅಂತ ಹೇಳಿದರೆ ಮುಂದಿನ ಮಾತು ಹೆಚ್ಚುಕಡಿಮೆ ಒಂದೇ: "ಓ, ಬೆಳಕಿಗೆ ಹೂ ಜಾಸ್ತಿ ಬಿಡ್ತಾವೇನು?"

ಇಲ್ಲ. ಆ ಬೆಳಕು ಹಚ್ಚುವುದೇ ಹೂ ಬಿಡದೇ ಇರಲಿ ಅಂತ. ಈ ಒಂದು ಮಾತು ತಲೆಗೆ ಹೋದರೆ ಉಳಿದ ಕೆಲಸ ಸುಲಭ. ಇದು ಗೊತ್ತಿಲ್ಲದೆ ಬಲ್ಬ್ ಕಟ್ಟಿದವರು ಮೊಗ್ಗು ಬಂದ ಮೇಲೂ ಉರಿಸುತ್ತಾ ಕೂತು ಬೆಳೆ ಕೆಡಿಸಿಕೊಂಡದ್ದನ್ನು ನೋಡಿದ್ದೇನೆ. ಅದಕ್ಕೇ ಕೊಪ್ಪಳ ಸೀಮೆಯ ಹೊಲ, ಇಲ್ಲಿನ ಕರೆಂಟು, ಇಲ್ಲಿನ ಬಿಸಿಲು ಇಟ್ಟುಕೊಂಡೇ ಬರೆಯುತ್ತಿದ್ದೇನೆ. ರಾಯಚೂರು, ಬಳ್ಳಾರಿ ಕಡೆಯವರಿಗೂ ಲೆಕ್ಕ ಇದೇ. ಹತ್ತು ನಿಮಿಷ ಆಚೀಚೆ ಆಗಬಹುದು, ಅಷ್ಟೇ.

ಗಿಡ ಎಣಿಸುವುದು ರಾತ್ರಿಯನ್ನು

ಸೇವಂತಿಗೆ ರಾತ್ರಿ ಉದ್ದವಾದಾಗ ಹೂ ಬಿಡುವ ಗಿಡ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಡಿಮೆಯಾದರೆ ಹೆಚ್ಚಿನ ತಳಿಗಳು ಮೊಗ್ಗು ಕಟ್ಟಲು ಶುರು ಮಾಡುತ್ತವೆ. ಆ ಮೊಗ್ಗು ಚೆನ್ನಾಗಿ ಬಲಿಯಲು ಹಗಲು ಇನ್ನೂ ಸ್ವಲ್ಪ ಗಿಡ್ಡ ಇರಬೇಕು.

ಈಗ ನಮ್ಮ ಊರಿನ ಲೆಕ್ಕ ನೋಡಿ. ಕೊಪ್ಪಳದಲ್ಲಿ ಜೂನ್ 21ರ ಹಗಲು ಸುಮಾರು 13 ಗಂಟೆ. ಡಿಸೆಂಬರ್ 21ರ ಹಗಲು ಸುಮಾರು 11 ಗಂಟೆ 13 ನಿಮಿಷ. ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಎರಡು ಗಂಟೆ ಕೂಡ ವ್ಯತ್ಯಾಸ ಇಲ್ಲ. ಅಂದರೆ ನಮ್ಮಲ್ಲಿ ಸೇವಂತಿಗೆಗೆ ಸುಮ್ನೆ ಬೆಳೆಯಲು ಬಿಡುವಷ್ಟು ಉದ್ದದ ಹಗಲು ಸರಿಯಾಗಿ ಸಿಗುವುದೇ ಇಲ್ಲ. ಜೂನ್, ಜುಲೈನಲ್ಲಿ ನೆಟ್ಟದ್ದು ಹೇಗೋ ಮೈ ತುಂಬಿಕೊಂಡು ದಸರಾ, ದೀಪಾವಳಿಗೆ ಹೂ ಕೊಡುತ್ತದೆ. ಆದರೆ ಅಕ್ಟೋಬರ್ ಕೊನೆಗೆ ನೆಟ್ಟು ನೋಡಿ. ಗಿಡ ಗೇಣುದ್ದ ಇರುವಾಗಲೇ ತುದಿಯಲ್ಲಿ ಮೊಗ್ಗು ಬರುತ್ತದೆ. ಮೊಗ್ಗು ಬಂದ ಕುಡಿ ಮುಂದೆ ಬೆಳೆಯುವುದಿಲ್ಲ. ಒಂದು ಗಿಡಕ್ಕೆ ಐದಾರು ಹೂ, ಕಥೆ ಮುಗಿಯಿತು.

ಹಿಂಗಾರಿಯಲ್ಲಿ ಸೇವಂತಿಗೆ ಬೆಳೆದು ಶಿವರಾತ್ರಿ ಹೊತ್ತಿಗೆ ಮಾರಬೇಕು ಅನ್ನುವವರಿಗೆ ಇರುವ ತೊಡಕು ಇದೇ. ಗಿಡ ದೊಡ್ಡದಾಗುವವರೆಗೆ ಹೂವನ್ನು ತಡೆಯಬೇಕು. ತಡೆಯುವ ದಾರಿ, ಉದ್ದ ರಾತ್ರಿಯನ್ನು ನಡುವೆ ಮುರಿದು ಎರಡು ಗಿಡ್ಡ ರಾತ್ರಿ ಮಾಡುವುದು.

1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ತಂಬಾಕಿನ ಗಿಡ ಇಟ್ಟುಕೊಂಡು ಹೂ ಬಿಡುವುದಕ್ಕೂ ಹಗಲಿನ ಉದ್ದಕ್ಕೂ ಇರುವ ನಂಟನ್ನು ತೋರಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನ್ನರ್ ಇನ್ನೊಂದು ಗಿಡದಲ್ಲಿ ಪರೀಕ್ಷಿಸಿ, ಗಿಡ ನಿಜವಾಗಿ ಅಳೆಯುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಅಂತ ಕಂಡರು. ಉದ್ದ ಕತ್ತಲಿನ ನಡುವೆ ಸ್ವಲ್ಪ ಬೆಳಕು ಬಿದ್ದರೂ ಗಿಡದ ಎಣಿಕೆ ಮತ್ತೆ ಮೊದಲಿಂದ ಶುರುವಾಗುತ್ತದೆ. ಎಲೆಯಲ್ಲಿರುವ ಫೈಟೋಕ್ರೋಮ್ ಅನ್ನುವ ಬಣ್ಣದ ವಸ್ತು ಈ ಕೆಲಸ ಮಾಡುತ್ತದೆ. ಕೆಂಪು ಬೆಳಕು ಬಿದ್ದರೆ ಅದು ಒಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನಕ್ಕೆ ಹಳೆಯ ರೂಪಕ್ಕೆ ಮರಳುತ್ತದೆ. ನಾವು ಬಲ್ಬ್ ಹಚ್ಚಿ ಆ ಮರಳುವಿಕೆಯನ್ನು ಅರ್ಧಕ್ಕೆ ನಿಲ್ಲಿಸುತ್ತೇವೆ.

ಡ್ರ್ಯಾಗನ್ ಫ್ರೂಟ್ ಹಾಕಿದವರೂ ಚಳಿಗಾಲದಲ್ಲಿ ಬಲ್ಬ್ ಕಟ್ಟುತ್ತಾರೆ. ಅದನ್ನು ನೋಡಿ ಗೊಂದಲ ಮಾಡಿಕೊಳ್ಳಬೇಡಿ. ಡ್ರ್ಯಾಗನ್ ಫ್ರೂಟ್ ಉದ್ದ ಹಗಲಿಗೆ ಹೂ ಬಿಡುವ ಗಿಡ. ಅವರು ಹೂ ತರಿಸಲು ಹಚ್ಚುತ್ತಾರೆ, ನಾವು ತಡೆಯಲು ಹಚ್ಚುತ್ತೇವೆ.

ಮೊದಲು ತಾರೀಖು, ಆಮೇಲೆ ಸಸಿ

ನರ್ಸರಿಗೆ ಹೋಗುವ ಮೊದಲು ಕ್ಯಾಲೆಂಡರ್ ತೆಗೆಯಿರಿ. ಹೂ ಯಾವ ವಾರ ಮಾರ್ಕೆಟ್‌ಗೆ ಬರಬೇಕು ಅಂತ ತೀರ್ಮಾನ ಮಾಡಿ. ಅಲ್ಲಿಂದ ಹಿಂದಕ್ಕೆ ಎಣಿಸಬೇಕು.

ಉದಾಹರಣೆಗೆ, ಫೆಬ್ರವರಿ 10ಕ್ಕೆ ಮೊದಲ ಕೊಯ್ಲು ಬೇಕು ಅಂದುಕೊಳ್ಳೋಣ. ಬಿಡಿ ಹೂವಿಗೆ ಬೆಳೆಯುವ ಹೆಚ್ಚಿನ ತಳಿಗಳು ಬೆಳಕು ನಿಲ್ಲಿಸಿದ ಮೇಲೆ ಎಂಟರಿಂದ ಹತ್ತು ವಾರಕ್ಕೆ ಹೂ ಕೊಡುತ್ತವೆ. ಒಂಬತ್ತು ವಾರ ಅಂತ ಹಿಡಿದರೆ ಡಿಸೆಂಬರ್ 9ಕ್ಕೆ ಬೆಳಕು ನಿಲ್ಲಬೇಕು. ಅದಕ್ಕೂ ಮೊದಲು ಆರು ವಾರವಾದರೂ ಗಿಡ ಬೆಳೆಯಬೇಕು. ಹಾಗಾಗಿ ಅಕ್ಟೋಬರ್ 26ರ ಸುಮಾರಿಗೆ ನಾಟಿ. ಬೆಳಕು ಹಚ್ಚುವುದು ಒಟ್ಟು 44 ರಾತ್ರಿ.

ಒಂಬತ್ತು ವಾರ ಅನ್ನುವುದು ನಿಮ್ಮ ತಳಿಗೆ ಸರಿಯಾ ಅಂತ ಸಸಿ ಕೊಡುವವರ ಹತ್ತಿರ ಕೇಳಿ. ಪೂರ್ಣಿಮಾ, ಐಶ್ವರ್ಯ, ಸೆಂಟ್ ಯೆಲ್ಲೋ ಎಲ್ಲವೂ ಒಂದೇ ದಿನಕ್ಕೆ ಬರುವುದಿಲ್ಲ. ಒಂದು ಹಂಗಾಮು ಬೆಳೆದ ಮೇಲೆ ನಿಮ್ಮದೇ ಹೊಲದ ಲೆಕ್ಕ ನಿಮ್ಮ ಕೈಗೆ ಬರುತ್ತದೆ. ಅಲ್ಲಿಯವರೆಗೆ ಒಂದು ವಾರ ಹೆಚ್ಚುಕಡಿಮೆ ಇಟ್ಟುಕೊಂಡೇ ಯೋಚನೆ ಮಾಡಿ.

ಜನವರಿಯಲ್ಲಿ ಸಂಕ್ರಾಂತಿ ಇದೆ, ಗವಿಸಿದ್ಧೇಶ್ವರ ಜಾತ್ರೆ ಇದೆ. ಆ ಹೊತ್ತಿಗೆ ಬೇಕಾದರೆ ಎಲ್ಲವನ್ನೂ ಒಂದು ತಿಂಗಳು ಹಿಂದಕ್ಕೆ ಸರಿಸಿ. ಜಾತ್ರೆ ನಡೆಯುವುದು ತಿಥಿ ಪ್ರಕಾರ. ಹಾಗಾಗಿ ಆ ವರ್ಷದ ಪಂಚಾಂಗ ನೋಡಿಯೇ ಎಣಿಸಿ. ಯುಗಾದಿಗೆ ಹೂ ತರುವುದನ್ನು ಮಾತ್ರ ಮೊದಲ ವರ್ಷದಲ್ಲೇ ಮಾಡಲು ಹೋಗಬೇಡಿ ಅಂತ ಹೇಳುತ್ತೇನೆ. ಮಾರ್ಚ್ ಬಿಸಿಲಿಗೆ ನಮ್ಮ ಕಡೆ ಹೂವಿನ ಬಣ್ಣ ಇಳಿಯುತ್ತದೆ, ಗಾತ್ರವೂ ಇಳಿಯುತ್ತದೆ.

ಬಲ್ಬ್ ಕಟ್ಟುವುದು

ಹಗಲಿನ ಬಿಸಿಲು ಗಿಡಕ್ಕೆ ಊಟ. ಬಯಲಿನಲ್ಲಿ ನಡು ಮಧ್ಯಾಹ್ನ ಒಂದು ಲಕ್ಷ ಲಕ್ಸ್ (ಬೆಳಕು ಅಳೆಯುವ ಮಾನ) ಬೆಳಕು ಇರುತ್ತದೆ. ರಾತ್ರಿ ಬಲ್ಬಿನದ್ದು ಎಲೆಯ ಮೇಲೆ ನೂರು ಲಕ್ಸ್ ಇದ್ದರೆ ಸಾಕು. ಗಿಡ ಅದರಿಂದ ಬೆಳೆಯುವುದಿಲ್ಲ, ರಾತ್ರಿ ಮುಗಿಯಿತು ಅಂತ ತಿಳಿಯುತ್ತದೆ. ಹಾಗಾಗಿ ದೊಡ್ಡ ಫ್ಲಡ್ ಲೈಟ್ ಬೇಕಾಗಿಲ್ಲ. ಎರಡು ಮೂಲೆಗೆ ಎರಡು ಫ್ಲಡ್ ಲೈಟ್ ನಿಲ್ಲಿಸುವುದು ಹಣ ಕಳೆಯುವ ದಾರಿ. ಹತ್ತಿರದ ಗಿಡಕ್ಕೆ ಬೇಡದಷ್ಟು ಬೀಳುತ್ತದೆ, ನಡುವಿನ ಗಿಡಕ್ಕೆ ಪಕ್ಕದ ಗಿಡದ ನೆರಳು ಬೀಳುತ್ತದೆ.

ಮನೆಯಲ್ಲಿ ಹಾಕುವ 9 ವ್ಯಾಟ್ ಎಲ್‌ಇಡಿ ಬಲ್ಬ್ ಸಾಕು. ಹಳದಿ ಬಣ್ಣದ್ದು ತೆಗೆದುಕೊಳ್ಳಿ. ಅಂಗಡಿಯಲ್ಲಿ ವಾರ್ಮ್ ವೈಟ್ ಅಂತ ಕೇಳಿದರೆ ಕೊಡುತ್ತಾರೆ. ಅದರಲ್ಲಿ ಕೆಂಪು ಬೆಳಕಿನ ಪಾಲು ಜಾಸ್ತಿ, ಗಿಡಕ್ಕೆ ಮುಟ್ಟುವುದು ಅದೇ. ಬಿಳಿ ಬಲ್ಬಿಗಿಂತ ಹುಳುಗಳನ್ನು ಎಳೆಯುವುದೂ ಕಡಿಮೆ.

ಬಲ್ಬಿಂದ ಬಲ್ಬಿಗೆ 8 ಅಡಿ, ಸಾಲಿಂದ ಸಾಲಿಗೂ 8 ಅಡಿ. ಗಿಡದ ತುದಿಯಿಂದ ಸುಮಾರು 5 ಅಡಿ ಎತ್ತರ. ಹತ್ತು ಗುಂಟೆ ಅಂದರೆ 10,890 ಚದರ ಅಡಿ. ಒಂದು ಬಲ್ಬಿಗೆ 64 ಚದರ ಅಡಿಯಂತೆ 170 ಬಲ್ಬ್ ಆಗುತ್ತವೆ. ಒಟ್ಟು 1,530 ವ್ಯಾಟ್. ದಿನಕ್ಕೆ ನಾಲ್ಕು ಗಂಟೆ ಉರಿಸಿದರೆ ಆರು ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ. 44 ರಾತ್ರಿಗೆ ಸುಮಾರು 270 ಯೂನಿಟ್.

ಕಟ್ಟಿದ ಮೇಲೆ ಒಮ್ಮೆ ಅಳೆಯಿರಿ. ಫೋನಿನಲ್ಲಿ ಲಕ್ಸ್ ಮೀಟರ್ ಆ್ಯಪ್ ಹಾಕಿಕೊಂಡರೆ ಅಂದಾಜು ಸಿಗುತ್ತದೆ. ಬಲ್ಬಿನ ಕೆಳಗೆ ನಿಂತು ಅಳೆದರೆ ಏನೂ ತಿಳಿಯುವುದಿಲ್ಲ. ನಾಲ್ಕು ಬಲ್ಬಿನ ನಟ್ಟನಡುವೆ ಹೋಗಿ, ಫೋನನ್ನು ಎಲೆಯ ಮಟ್ಟಕ್ಕೆ ಹಿಡಿದು ನೋಡಿ. ಎಲ್ಲಕ್ಕಿಂತ ಕತ್ತಲಿರುವ ಜಾಗ ಅದೇ. ಅಲ್ಲಿ 70ಕ್ಕಿಂತ ಕೆಳಗೆ ಇಳಿಯಬಾರದು. ಹೊಲದ ಅಂಚಿನ ಸಾಲನ್ನೂ ಮರೆಯಬೇಡಿ. ಅಂಚಿನ ಗಿಡಕ್ಕೆ ಒಂದೇ ಕಡೆಯಿಂದ ಬೆಳಕು ಬೀಳುತ್ತದೆ. ಅಲ್ಲೇ ಮೊದಲು ಮೊಗ್ಗು ಕಾಣುತ್ತದೆ.

ಕಲ್ಲುಕಂಬ ಅಥವಾ ಬಿದಿರು ನಿಲ್ಲಿಸಿ, ಅದರ ಮೇಲೆ ಜಿಐ ತಂತಿ ಎಳೆದು, ವೈರನ್ನು ತಂತಿಗೆ ಕಟ್ಟಿ. ವೈರ್ ಮೇಲೆ ಬಲ್ಬಿನ ಭಾರ ಬೀಳಬಾರದು. ಹೋಲ್ಡರ್‌ಗೆ ಮಂಜು, ಮಳೆ ತಾಗದಂತೆ ಮುಚ್ಚಬೇಕು. ಹಳೆಯ ನೀರಿನ ಬಾಟಲಿ ಅರ್ಧ ಕತ್ತರಿಸಿ ಟೋಪಿ ಹಾಗೆ ಹಾಕುವವರಿದ್ದಾರೆ, ಅದೂ ಆಗುತ್ತದೆ. ಎಲ್ಲ ಬಲ್ಬನ್ನೂ ಒಂದೇ ಲೈನಿಗೆ ಕೊಡದೆ ಮೂರು ಲೈನ್ ಮಾಡಿ. ಒಂದರಲ್ಲಿ ತೊಂದರೆ ಬಂದರೂ ಉಳಿದ ಎರಡು ಉರಿಯುತ್ತವೆ.

ಈಗ ಹೇಳುವುದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಡ್ರಿಪ್ ಹರಿಯುವ ಹಸಿ ಮಣ್ಣು, ಬರಿಗಾಲು, ತಲೆಯ ಮಟ್ಟದಲ್ಲಿ ವೈರು. ಜೀವ ಹೋಗುವುದಕ್ಕೆ ಇಷ್ಟು ಸಾಕು. ಹೊರೆ ಹೆಚ್ಚಾದರೆ ಲೈನ್ ಕಡಿಯುವ ಎಂಸಿಬಿ ಜೊತೆಗೆ, ಕರೆಂಟು ಸೋರಿದ ಕೂಡಲೇ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಲೇಬೇಕು. ಮಣ್ಣಿಗೆ ಸರಿಯಾದ ಅರ್ಥಿಂಗ್ ಕೊಡಿಸಿ. ಕಂಬದ ಕೆಳಗೆ ಕೂತು ತಾವೇ ವೈರ್ ಜೋಡಿಸುವ ಧೈರ್ಯ ಬೇಡ, ಬಲ್ಲ ಎಲೆಕ್ಟ್ರಿಷಿಯನ್ ಕರೆಸಿ. ಬಲ್ಬ್ ಬದಲಿಸುವಾಗ ಮೇನ್ ಆಫ್ ಮಾಡಿ, ಚಪ್ಪಲಿ ಹಾಕಿಕೊಂಡು ಹೋಗಿ. ಇನ್ನೊಂದು ಮಾತು, ಪಂಪ್‌ಸೆಟ್ ಕರೆಂಟು ಕೊಟ್ಟಿರುವುದು ನೀರೆತ್ತಲು. ಬೆಳಕಿಗೆ ಯಾವ ಸಂಪರ್ಕ ಬೇಕು ಅಂತ ನಮ್ಮ ಕಡೆ ಕರೆಂಟು ಕೊಡುವ ಜೆಸ್ಕಾಂ ಕಚೇರಿಯಲ್ಲಿ ಮೊದಲೇ ಕೇಳಿಕೊಂಡರೆ ಆಮೇಲೆ ತಕರಾರು ಇರುವುದಿಲ್ಲ.

ನಡುರಾತ್ರಿ ಅಂದರೆ ಹನ್ನೆರಡಲ್ಲ

ಎಲ್ಲ ಕಡೆ ಹೇಳುವುದು ರಾತ್ರಿ 10ರಿಂದ 2. ಅದು ತಪ್ಪಲ್ಲ. ಆದರೆ ಡಿಸೆಂಬರ್ ಆರಂಭದಲ್ಲಿ ನಮ್ಮ ಕಡೆ ಸಂಜೆ ಆರಕ್ಕೆ ಸ್ವಲ್ಪ ಮುಂಚೆ ಹೊತ್ತು ಮುಳುಗಿ, ಬೆಳಿಗ್ಗೆ ಆರೂವರೆ ದಾಟಿದ ಮೇಲೆ ಹೊತ್ತು ಹುಟ್ಟುತ್ತದೆ. ಅಂದರೆ ಕತ್ತಲಿನ ನಟ್ಟನಡುವೆ ಬರುವುದು ಹನ್ನೆರಡೂಕಾಲರ ಸುಮಾರಿಗೆ. ಹಾಗಾಗಿ ನಾನು 10.30ರಿಂದ 2.30 ಇಡುತ್ತೇನೆ. ಎರಡೂ ಕಡೆ ಕತ್ತಲು ಹೆಚ್ಚುಕಡಿಮೆ ಸಮ ಆಗುತ್ತದೆ, ನಾಲ್ಕೂಮುಕ್ಕಾಲು ಗಂಟೆಗಿಂತ ಉದ್ದ ಎಲ್ಲೂ ಇರುವುದಿಲ್ಲ.

ಸಂಜೆ ಆರರಿಂದ ಹತ್ತರವರೆಗೆ ಹಚ್ಚಿದರೆ ಆಗಲ್ವಾ ಅಂತ ಕೇಳುತ್ತಾರೆ. ಹಗಲು ಉದ್ದ ಮಾಡಿದ ಹಾಗೆ ಆಗುತ್ತದೆ, ಕೆಲಸ ಮಾಡುತ್ತದೆ. ಆದರೆ ಆ ಹೊತ್ತಿನಲ್ಲಿ ಊರಿಗೆಲ್ಲ ಕರೆಂಟು ಬೇಕು, ವೋಲ್ಟೇಜ್ ಇಳಿದಿರುತ್ತದೆ. ಹತ್ತರ ನಂತರ ಎಂಟೂವರೆ ಗಂಟೆಯಷ್ಟು ಕತ್ತಲು ಒಟ್ಟಿಗೆ ಉಳಿಯುತ್ತದೆ. ಯಾವುದಾದರೂ ದಿನ ಸಂಜೆ ಎರಡು ಗಂಟೆ ಕರೆಂಟು ಹೋದರೆ ಅದು ಇನ್ನೂ ಉದ್ದ ಆಗುತ್ತದೆ. ನಡುರಾತ್ರಿಯ ಬೆಳಕೇ ಹೆಚ್ಚು ಭದ್ರ.

ಕರೆಂಟು ಉಳಿಸಬೇಕು ಅನ್ನುವವರಿಗೆ ಬಿಟ್ಟು ಬಿಟ್ಟು ಹಚ್ಚುವ ಕ್ರಮ ಇದೆ. ಆ ನಾಲ್ಕು ಗಂಟೆಯಲ್ಲಿ 10 ನಿಮಿಷ ಹಚ್ಚಿ 20 ನಿಮಿಷ ಆರಿಸುವುದು. ಗಿಡಕ್ಕೆ ಅಷ್ಟೂ ಸಾಕಾಗುತ್ತದೆ. ಮೂರು ಲೈನ್ ಮಾಡಿದ್ದರೆ ಒಂದಾದ ಮೇಲೆ ಒಂದು ಸರದಿಯಲ್ಲಿ ಉರಿಯುವಂತೆ ಮಾಡಬಹುದು. ಆಗ ಒಮ್ಮೆಗೆ 510 ವ್ಯಾಟ್ ಅಷ್ಟೇ. ಚಿಕ್ಕ ಇನ್ವರ್ಟರ್ ಕೂಡ ಎಳೆಯುತ್ತದೆ. ಇದಕ್ಕೆ ಬೇರೆ ಬಗೆಯ ಟೈಮರ್ ಬೇಕು. ಮೊದಲ ವರ್ಷ ಸುಮ್ನೆ ನಾಲ್ಕು ಗಂಟೆ ಪೂರ್ತಿ ಉರಿಸಿ, ರೂಢಿಯಾದ ಮೇಲೆ ಇದಕ್ಕೆ ಬನ್ನಿ.

ಟೈಮರ್ ವಿಷಯ ಸ್ವಲ್ಪ ವಿವರವಾಗಿ

ನನ್ನ ಮೊದಲ ವರ್ಷದ ಬೆಳೆ ಹೋದದ್ದು ಟೈಮರ್‌ನಿಂದ. ಸುತ್ತಲೂ ಸಣ್ಣ ಕಡ್ಡಿಗಳಿರುವ, ಗಡಿಯಾರದ ಹಾಗೆ ತಿರುಗುವ ಟೈಮರ್ ತಂದಿದ್ದೆ. ರಾತ್ರಿ 10.30ಕ್ಕೆ ಹಚ್ಚುವಂತೆ ಕಡ್ಡಿ ಒತ್ತಿಟ್ಟು, ಎರಡು ದಿನ ನಿಂತು ನೋಡಿ, ಸರಿಯಿದೆ ಅಂತ ಊರಿಗೆ ಬಂದೆ. ಹೊಲ ಊರಿಂದ ಎರಡು ಕಿಲೋಮೀಟರ್.

ಎಂಟ್ಹತ್ತು ದಿನ ಆದ ಮೇಲೆ ಒಂದು ಬೆಳಿಗ್ಗೆ ಏಳಕ್ಕೆ ಎತ್ತಿಗೆ ಮೇವು ತರಲು ಹೋದೆ. ಬಿಸಿಲು ಬಂದಿತ್ತು. ಹೊಲದಲ್ಲಿ ಬಲ್ಬೆಲ್ಲ ಉರಿಯುತ್ತಿದ್ದವು. ಬಿಸಿಲಿನಲ್ಲಿ ಮಂಕಾಗಿ, ಸಾಲುಸಾಲಾಗಿ. ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಟೈಮರ್ ಮುಖ ನೋಡಿದರೆ ಅದರಲ್ಲಿ ಇನ್ನೂ ರಾತ್ರಿ ಹನ್ನೊಂದು. ದಿನಕ್ಕೆ ಒಂದು ಗಂಟೆಯಷ್ಟು ಕರೆಂಟು ಹೋಗುತ್ತಿತ್ತು. ಕರೆಂಟು ಹೋದಾಗಲೆಲ್ಲ ಆ ಗಡಿಯಾರವೂ ನಿಲ್ಲುತ್ತಿತ್ತು. ಎಂಟು ದಿನಕ್ಕೆ ಎಂಟು ಗಂಟೆ ಹಿಂದೆ ಬಿದ್ದಿತ್ತು. ನಡುರಾತ್ರಿ ಹತ್ತಬೇಕಾದ ಬೆಳಕು ದಿನದಿಂದ ದಿನಕ್ಕೆ ಬೆಳಗಿನ ಕಡೆಗೆ ಸರಿದಿತ್ತು, ಗಿಡಗಳಿಗೆ ಹಲವು ರಾತ್ರಿ ಉದ್ದ ಕತ್ತಲು ಸಿಕ್ಕಿತ್ತು. ಮೂರು ವಾರಕ್ಕೆ ಗೇಣುದ್ದದ ಗಿಡದ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗು ಬಂದವು. ಅವ್ವ ಒಂದು ಗಿಡ ಬಗ್ಗಿ ನೋಡಿ, "ಕೂಸು ಇನ್ನ ಅಂಬೆಗಾಲಿಡಾಕ ಹತ್ತಿತ್ತು, ಲಗ್ನ ಮಾಡಿಟ್ಟಿಯಲ್ಲೋ" ಅಂದಳು.

ಆದ್ದರಿಂದ ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಕರೆಂಟು ಹೋದರೂ ಅದರ ಹೊತ್ತು ನಿಲ್ಲುವುದಿಲ್ಲ. ಟೈಮರ್ ನೇರವಾಗಿ ಅಷ್ಟು ಬಲ್ಬಿನ ಹೊರೆ ಹೊರದಂತೆ ನಡುವೆ ಕಾಂಟ್ಯಾಕ್ಟರ್ (ದೊಡ್ಡ ಹೊರೆ ಹೊರುವ ಸ್ವಿಚ್) ಹಾಕಿಸಿ. ವಾರಕ್ಕೆ ಎರಡು ಸಲವಾದರೂ ರಾತ್ರಿ 10.30ಕ್ಕೆ ಹೊಲದಲ್ಲಿ ನಿಂತು ನೋಡಿ. ಹೋಗಲಾಗದಿದ್ದರೆ ಹತ್ತಿರದ ತೋಟದವರಿಗೆ ಫೋನ್ ಮಾಡಿ "ನಮ್ಮ ಬಲ್ಬ್ ಹತ್ತ್ಯಾವೇನ್ರಿ ಕಾಕಾ" ಅಂತ ಕೇಳಿದರೂ ಆಯಿತು.

ಒಂದು ರಾತ್ರಿ ಕರೆಂಟೇ ಇಲ್ಲದೆ ತಪ್ಪಿಹೋದರೆ ಗಾಬರಿ ಬೇಡ. ಗಿಡ ಒಂದೇ ರಾತ್ರಿಗೆ ಮನಸ್ಸು ಬದಲಿಸುವುದಿಲ್ಲ. ಸಾಲಾಗಿ ನಾಲ್ಕೈದು ರಾತ್ರಿ ತಪ್ಪಿದರೆ ಕಷ್ಟ. ಕರೆಂಟು ರಾತ್ರಿ ಒಂದಕ್ಕೆ ಬಂದರೆ, ಆಗಲೇ ಹಚ್ಚಿ ಒಂದೆರಡು ಗಂಟೆ ಉರಿಸಿ.

ನಾಟಿಯಿಂದ ಬೆಳಕು ಆರಿಸುವವರೆಗೆ

ಮಸಾರಿ ಮಣ್ಣು ಸೇವಂತಿಗೆಗೆ ಒಳ್ಳೆಯದು. ಎರೆ ಹೊಲ ಆದರೆ ಏರುಮಡಿ ಎತ್ತರ ಮಾಡಿ, ನೀರು ನಿಂತರೆ ಬೇರು ಕೊಳೆಯುತ್ತದೆ. ತುಂಗಭದ್ರಾ ಕಾಲುವೆಯ ಕೆಳಗಿನ ಜವುಳು ಹೊಲದಲ್ಲಿ ಇದನ್ನು ಹಾಕುವ ಯೋಚನೆಯೇ ಬೇಡ. ಸಾಲಿಗೆ ಒಂದೂವರೆ ಅಡಿ, ಗಿಡಕ್ಕೆ ಒಂದು ಅಡಿ ಬಿಟ್ಟರೆ ಹತ್ತು ಗುಂಟೆಗೆ ಸುಮಾರು 7,000 ಸಸಿ ಹಿಡಿಯುತ್ತವೆ.

ಸಸಿ ತರುವಾಗ ಒಂದು ವಿಷಯ ಕೇಳಲೇಬೇಕು. ಕುಡಿ ಕತ್ತರಿಸಿದ ತಾಯಿ ಗಿಡಕ್ಕೆ ರಾತ್ರಿ ಬೆಳಕು ಕೊಟ್ಟಿದ್ದಾರಾ? ಇಲ್ಲ ಅಂದರೆ ಆ ಕುಡಿ ಒಳಗೇ ಹೂವಿನ ತಯಾರಿ ಮಾಡಿಕೊಂಡು ಬಂದಿರುತ್ತದೆ. ನೀವು ಎಷ್ಟು ಬಲ್ಬ್ ಹಚ್ಚಿದರೂ ಮೊದಲ ಮೊಗ್ಗು ಬಂದೇ ಬರುತ್ತದೆ. ಒಂದೆರಡು ಸಸಿಯ ತುದಿಯನ್ನು ಉಗುರಿನಿಂದ ಬಿಡಿಸಿ ನೋಡಿ. ಎಳೆ ಎಲೆಗಳು ಒಂದರೊಳಗೊಂದು ಮಡಚಿಕೊಂಡು, ನಡುವೆ ಚೂಪಾದ ತುದಿ ಇದ್ದರೆ ಒಳ್ಳೆಯ ಸಸಿ. ನಡುವೆ ಚಪ್ಪಟೆಯಾದ, ಗುಂಡಗಿನ ಹಸಿರು ಮಣಿಯಂಥದ್ದು ಸಿಕ್ಕರೆ ಅದು ಮೊಗ್ಗು. ಅಂಥ ಸಸಿ ಬೇಡ.

ನಾಟಿ ಮಾಡಿದ ರಾತ್ರಿಯಿಂದಲೇ ಬೆಳಕು. ಬೇರು ಹಿಡಿಯಲಿ, ಆಮೇಲೆ ಹಚ್ಚೋಣ ಅಂತ ತಡ ಮಾಡಬೇಡಿ.

ಸುಮಾರು ನಾಲ್ಕನೇ ವಾರಕ್ಕೆ ಕುಡಿ ಚಿವುಟಬೇಕು. ನಮ್ಮ ಲೆಕ್ಕದಲ್ಲಿ ನವೆಂಬರ್ 20ರ ಹೊತ್ತಿಗೆ. ತುದಿಯ ಎಳೆ ಭಾಗ ಮಾತ್ರ, ಎರಡು ಬೆರಳಲ್ಲಿ ಹಿಡಿದು ಮುರಿದರೆ ಪಟ್ ಅಂತ ಬರುವಷ್ಟು. ಕೆಳಗಿನ ಎಲೆಗಳ ಸಂದಿನಿಂದ ನಾಲ್ಕೈದು ಕೊಂಬೆ ಒಡೆಯುತ್ತವೆ. ಬೆಳಕಿನ ನಿಜವಾದ ಲಾಭ ಸಿಗುವುದು ಈಗ. ಚಿವುಟಿದ ಮೇಲೆ ಎರಡೂವರೆ ವಾರ ಬೆಳಕು ಮುಂದುವರಿಸಿದರೆ ಆ ಕೊಂಬೆಗಳು ಎಲೆ ಕಟ್ಟಿಕೊಂಡು ಉದ್ದ ಆಗುತ್ತವೆ, ಮುಂದೆ ಪ್ರತಿ ಕೊಂಬೆಯಲ್ಲೂ ಗೊಂಚಲು ಬರುತ್ತದೆ. ಚಿವುಟಿದ ಮಾರನೇ ದಿನವೇ ಬೆಳಕು ನಿಲ್ಲಿಸಿದರೆ ಕೊಂಬೆ ಬೆರಳುದ್ದಕ್ಕೇ ಮೊಗ್ಗಾಗುತ್ತದೆ. ಇಳುವರಿ ಹೆಚ್ಚೋ ಕಡಿಮೆಯೋ ಅನ್ನುವುದು ಹೆಚ್ಚಾಗಿ ಈ ಹದಿನೆಂಟು, ಇಪ್ಪತ್ತು ರಾತ್ರಿಗಳಲ್ಲೇ ನಿರ್ಧಾರ ಆಗುತ್ತದೆ.

ತಾರೀಖು ಒಂದನ್ನೇ ನಂಬಬೇಡಿ, ಗಿಡ ನೋಡಿ. ಪಕ್ಕದ ಕೊಂಬೆಗಳು ನಾಲ್ಕೈದು ಇಂಚು ಆಗಿರಬೇಕು. ಚಳಿ ಜಾಸ್ತಿಯಿದ್ದು ಬೆಳವಣಿಗೆ ನಿಧಾನ ಆಗಿದ್ದರೆ ಇನ್ನೊಂದು ವಾರ ಹಚ್ಚಿ. ಕೊಯ್ಲು ಒಂದು ವಾರ ಮುಂದೆ ಹೋಗುತ್ತದೆ, ಹೋಗಲಿ. ಪುಟ್ಟ ಗಿಡದಿಂದ ತಾರೀಖಿಗೆ ಸರಿಯಾಗಿ ಬಂದ ಮೂರು ಬುಟ್ಟಿ ಹೂವಿಗಿಂತ ವಾರ ತಡವಾಗಿ ಬಂದ ಎಂಟು ಬುಟ್ಟಿ ಮೇಲು.

ಆರಿಸಿದ ಮೇಲೆ ಪೂರ್ತಿ ಕತ್ತಲು

ಬೆಳಕು ನಿಲ್ಲಿಸುವ ದಿನ ಟೈಮರ್ ಆಫ್ ಮಾಡಿ ಸುಮ್ಮನಾಗಬೇಡಿ, ಮೇನ್ ಸ್ವಿಚ್ಚೇ ಇಳಿಸಿ. ಇನ್ನು ಮುಂದೆ ಗಿಡಕ್ಕೆ ಬೇಕಾದ್ದು ಎಡೆಬಿಡದ ಕತ್ತಲು.

ನಮ್ಮ ಹೊಲದ ಉತ್ತರಕ್ಕೆ ದನದ ಕೊಟ್ಟಿಗೆ ಇದೆ. ಅದರ ಬಾಗಿಲಿಗೆ ರಾತ್ರಿಯಿಡೀ ಉರಿಯುವ ಒಂದು ಬಲ್ಬ್ ಇತ್ತು. ಎರಡನೇ ವರ್ಷ ಇಡೀ ಹೊಲ ಹಳದಿಯಾದಾಗ ಕೊಟ್ಟಿಗೆಯ ಮುಂದೆ ಬೀಸಣಿಗೆಯ ಆಕಾರದಲ್ಲಿ ಒಂದು ತುಂಡು ಜಾಗ ಹಚ್ಚಹಸಿರಾಗಿ ಉಳಿದಿತ್ತು. ಬಾಗಿಲಿನ ಎರಡು ಪಕ್ಕದ ಗೋಡೆಯ ನೆರಳು ಬಿದ್ದ ಕಡೆ ಹೂ, ಬೆಳಕು ಬಿದ್ದ ಕಡೆ ಬರೀ ಎಲೆ. ಗೆರೆ ಎಳೆದ ಹಾಗೆ. ಒಂದು ಸಾಲಿನಲ್ಲಂತೂ ಒಂದೇ ಗಿಡದ ನೆರಳಿನ ಕಡೆಯ ಕೊಂಬೆಯಲ್ಲಿ ಹೂ ಅರಳಿತ್ತು, ಬಲ್ಬಿನ ಕಡೆಯ ಕೊಂಬೆಯಲ್ಲಿ ಮೊಗ್ಗು ಕೂಡ ಇರಲಿಲ್ಲ. ಬೀದಿ ದೀಪ, ಪಕ್ಕದ ಕೋಳಿ ಫಾರ್ಮಿನ ಲೈಟು, ಡಾಬಾದ ಬೋರ್ಡು, ಯಾವುದು ಹತ್ತಿರ ಇದ್ದರೂ ಹೀಗೇ ಆಗುತ್ತದೆ. ಹಸಿರು ಶೇಡ್ ನೆಟ್ ಎರಡು ಪದರ ಅಥವಾ ಹಳೆಯ ತಾಡಪಾಲು ಆ ಕಡೆಗೆ ಅಡ್ಡ ಕಟ್ಟಿ.

ಹುಣ್ಣಿಮೆ ಬೆಳದಿಂಗಳಿಗೆ ಹೆದರಬೇಕಾಗಿಲ್ಲ. ಅದು ಅರ್ಧ ಲಕ್ಸ್ ಕೂಡ ಇರುವುದಿಲ್ಲ. ರಸ್ತೆಯಲ್ಲಿ ಹೋಗುವ ಗಾಡಿಯ ಬೆಳಕು, ಕಾವಲಿಗೆ ಹೋದವರ ಬ್ಯಾಟರಿ ಬೆಳಕು ಕ್ಷಣ ಬಿದ್ದು ಹೋಗುತ್ತದೆ, ಅದರಿಂದಲೂ ಏನಾಗಲ್ಲ.

ಮೊಗ್ಗಿನ ಗಾತ್ರ ನೋಡಿ ವಾರ ಎಣಿಸುವುದು ಸುಲಭ. ಬೆಳಕು ನಿಲ್ಲಿಸಿದ ಮೂರನೇ ವಾರದ ಕೊನೆಗೆ ಸಾಸಿವೆಯಷ್ಟು. ನಾಲ್ಕನೇ ವಾರ ದಾಟಿದ ಮೇಲೆ ಜೋಳದ ಕಾಳಿನಷ್ಟು. ಆರನೇ ವಾರಕ್ಕೆ ಕಡಲೆಯಷ್ಟು. ಏಳಕ್ಕೆ ಮೊಗ್ಗಿನ ಬಾಯಲ್ಲಿ ಬಣ್ಣ ಕಾಣುತ್ತದೆ. ನಾಲ್ಕನೇ ವಾರ ಕಳೆದರೂ ಸಾಸಿವೆಯಷ್ಟೂ ಕಾಣದಿದ್ದರೆ ರಾತ್ರಿ ಹೋಗಿ ಹೊಲದ ನಡುವೆ ನಿಂತು ಸುತ್ತ ನೋಡಿ. ಎಲ್ಲಿಂದಲೋ ಬೆಳಕು ಬರುತ್ತಿರುತ್ತದೆ.

ಇನ್ನೊಂದು ಗುರುತು. ಮೊಗ್ಗು ಇದೆ, ಆದರೆ ಅದರ ಕೆಳಗಿನ ಎಲೆಗಳು ಸೇವಂತಿಗೆ ಎಲೆಯ ಹಾಗೆ ಕಚ್ಚು ಕಚ್ಚಾಗಿಲ್ಲ, ಲಾಡಿಯ ಹಾಗೆ ಸಪೂರ ಉದ್ದ ಇವೆ. ಮೊಗ್ಗು ಗಟ್ಟಿಯಾಗಿ ಹಾಗೇ ನಿಂತಿದೆ, ಸುತ್ತ ಹೊಸ ಚಿಗುರು ಮೇಲೆದ್ದು ಅದನ್ನು ದಾಟುತ್ತಿದೆ. ಹೀಗಿದ್ದರೆ ಗಿಡ ಹೂವಿಗೆ ತಿರುಗಿದ ಮೇಲೆ ಮತ್ತೆ ಬೆಳಕು ಬಿದ್ದಿದೆ ಅಂತ ಅರ್ಥ. ಆ ಮೊಗ್ಗನ್ನು ಚಿವುಟಿ ಹಾಕಿ, ಕತ್ತಲು ಸರಿಮಾಡಿ. ಕೆಳಗಿನ ಚಿಗುರಿನಲ್ಲಿ ಹೂ ಬರುತ್ತದೆ, ತಡವಾಗಿ.

ಬೆಳಕು ನಿಂತ ಮೇಲೆ ಯೂರಿಯಾ ಕೈ ಬಿಗಿ ಹಿಡಿಯಿರಿ, ಪೊಟ್ಯಾಷ್ ಕೊಡಿ. ಚಳಿಗಾಲದಲ್ಲಿ ಎಳೆ ಕುಡಿಗೆ ಕಪ್ಪು ಹೇನು, ಮೊಗ್ಗಿಗೆ ಥ್ರಿಪ್ಸ್ ಅನ್ನುವ ಸಣ್ಣ ಹುಳು ಬರುತ್ತವೆ. ಎಲೆ ತಿರುವಿ ನೋಡುವ ಅಭ್ಯಾಸ ಇರಲಿ. ಔಷಧಿ ಯಾವುದು, ಎಷ್ಟು ಅನ್ನುವುದಕ್ಕೆ ಮುನಿರಾಬಾದಿನ ತೋಟಗಾರಿಕೆ ಕಾಲೇಜಿನಲ್ಲೋ ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲೋ ಹುಳು ಬಿದ್ದ ಕುಡಿಯನ್ನೇ ಒಯ್ದು ತೋರಿಸಿ ಕೇಳಿ.

ಬೇಸಿಗೆಯಲ್ಲಿ ಕಪ್ಪು ಪರದೆ?

ಬೇಸಿಗೆಯಲ್ಲಿ ಕಪ್ಪು ಪ್ಲಾಸ್ಟಿಕ್ ಮುಚ್ಚಿ ರಾತ್ರಿಯನ್ನು ಉದ್ದ ಮಾಡಿ ಹೂ ತರಿಸುವ ಕ್ರಮವೂ ಇದೆ. ಪಾಲಿಹೌಸ್ ಇರುವವರು ತಂಪು ಊರುಗಳಲ್ಲಿ ಮಾಡುತ್ತಾರೆ. ಬಳ್ಳಾರಿ, ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು 40 ಡಿಗ್ರಿ ದಾಟುತ್ತದೆ. ಸಂಜೆ ಐದಕ್ಕೆ ಪರದೆ ಎಳೆದರೆ ಹಗಲಿನ ಕಾವೆಲ್ಲ ಒಳಗೇ ಉಳಿಯುತ್ತದೆ. ರಾತ್ರಿ 25 ಡಿಗ್ರಿಗಿಂತ ಮೇಲಿದ್ದರೆ ಕತ್ತಲು ಎಷ್ಟಿದ್ದರೂ ಮೊಗ್ಗು ತಡವಾಗುತ್ತದೆ, ಆಕಾರ ಕೆಡುತ್ತದೆ. ಮಾಡಲೇಬೇಕು ಅನ್ನುವವರು ಹೊತ್ತು ಮುಳುಗಿದ ಮೇಲೆ ಏಳಕ್ಕೆ ಮುಚ್ಚಿ, ಬೆಳಿಗ್ಗೆ ಎಂಟಕ್ಕೆ ತೆಗೆಯಿರಿ. ಹದಿಮೂರು ಗಂಟೆ ಕತ್ತಲು ಸಿಗುತ್ತದೆ, ಬೆಳಗಿನ ತಂಪೂ ಸಿಗುತ್ತದೆ. ನಾನು ಮಾತ್ರ ಬೇಸಿಗೆಯನ್ನು ನೆಲಕ್ಕೆ ಬಿಟ್ಟುಬಿಡುತ್ತೇನೆ.

ಕೊಯ್ಲು, ಮತ್ತು ತಾಯಿ ಗಿಡ

ಹೂ ಮುಕ್ಕಾಲು ಅರಳಿದಾಗ, ಬೆಳಿಗ್ಗೆ ಮಂಜು ಆರಿದ ಮೇಲೆ ಬಿಡಿಸಿ. ಒದ್ದೆ ಹೂವನ್ನು ಚೀಲಕ್ಕೆ ತುಂಬಿದರೆ ಗಂಗಾವತಿಯೋ ಹೊಸಪೇಟೆಯೋ ಮುಟ್ಟುವ ಹೊತ್ತಿಗೆ ಬಿಸಿಯಾಗಿ ಕಂದುತ್ತದೆ. ವಾರಕ್ಕೆ ಎರಡು ಸಲ ಬಿಡಿಸಿದರೆ ಒಂದು ತಿಂಗಳ ಮೇಲೆ ಕೊಯ್ಲು ನಡೆಯುತ್ತದೆ.

ಬಿಡಿಸುವಾಗಲೇ ಚೆನ್ನಾಗಿ ಕೊಂಬೆ ಒಡೆದ, ರೋಗ ಇಲ್ಲದ ನೂರು ಗಿಡಕ್ಕೆ ಒಂದೊಂದು ದಾರ ಕಟ್ಟಿಡಿ. ಹೂ ಮುಗಿದ ಮೇಲೆ ಅವನ್ನು ನೆಲದಿಂದ ಗೇಣು ಬಿಟ್ಟು ಕತ್ತರಿಸಿ, ಬೇರು ಸಮೇತ ತಂದು ಮನೆಯ ಹತ್ತಿರ ಅರ್ಧ ನೆರಳಿನಲ್ಲಿ ಒಂದು ಮಡಿಗೆ ನೆಡಿ. ಬುಡದಿಂದ ಹೊಸ ಚಿಗುರು ಬರುತ್ತದೆ. ಮುಂದಿನ ಸಲದ ಸಸಿಗೆ ಕುಡಿ ಸಿಗುವುದು ಇವುಗಳಿಂದಲೇ. ಆದರೆ ಮಾರ್ಚ್ ತಿಂಗಳ ರಾತ್ರಿ ಈ ಗಿಡಕ್ಕೆ ಇನ್ನೂ ಉದ್ದವೇ. ಆ ಮಡಿಯ ಮೇಲೆ ನಾಲ್ಕು ಬಲ್ಬ್ ಕಟ್ಟಿ, ಅದೇ ಟೈಮರ್ ತಂದು ಹಾಕಿ, ಅದೇ 10.30ರಿಂದ 2.30. ನಮ್ಮ ಮನೆಯ ಹಿಂದೆ ಆ ನಾಲ್ಕು ಬಲ್ಬ್ ಮುಂದಿನ ಅಕ್ಟೋಬರ್‌ವರೆಗೂ ಉರಿಯುತ್ತವೆ.